ಏಣಿಯ ನಡುವೆ ನಿಂತವಳು

ಜೂನ್ 9, ಸೋಮವಾರ. ಕೊಚ್ಚಿ

ಕಾಲು ಹೋದ ಮೇಲೆ ಇವತ್ತು ಮೊದಲ ಸಲ ಕೆಲಸಕ್ಕೆ ಹೋದೆ. ಕಚೇರಿಯವರು ನನಗೊಂದು ಕುರ್ಚಿ ತಯಾರು ಮಾಡಿ ಇಟ್ಟಿದ್ದರು. ಹೊಸದು, ಚಕ್ರ ಇರುವಂಥದ್ದು, ಬೆನ್ನಿಗೆ ದಿಂಬು ಬೇರೆ. ಅದರಲ್ಲಿ ಕೂತ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಕಚೇರಿಯಲ್ಲಿ ನಾನು ಎಂಥೆಂಥ ಕೆಲಸ ಮಾಡಿದ್ದೇನೆ, ಆಗ ಒಬ್ಬರೂ ತಟ್ಟಿರಲಿಲ್ಲ. ಕೂತದ್ದಕ್ಕೆ ತಟ್ಟಿದರು.

“ಇನ್ನು ನಿಮಗೆ ಹಡಗಿಗೆ ಹೋಗುವ ತಾಪತ್ರಯವೇ ಇಲ್ಲ” ಅಂತ ಮ್ಯಾನೇಜರ್ ಹೇಳಿದರು. ಒಳ್ಳೆಯ ಮನುಷ್ಯ. ಈ ಒಳ್ಳೆಯವರ ಕಾಟವೇ ದೊಡ್ಡದು. ಕೆಟ್ಟವರಾದರೆ ನಾಲ್ಕು ಬೈದು ಮನೆಗೆ ಬರಬಹುದು.

ಧಾರವಾಡದಲ್ಲಿ ಕೃಷಿ ಓದಿ, ಪರೀಕ್ಷೆ ಬರೆದು, ಈ ಧಾನ್ಯ ತಪಾಸಣಾ ನಿಗಮಕ್ಕೆ ಇನ್‌ಸ್ಪೆಕ್ಟರ್ ಆಗಿ ಬಂದವಳು ನಾನು. ಹೊರದೇಶದ ಕಾಳು, ಗೋಡಂಬಿ ಬೀಜ ಹೊತ್ತ ಹಡಗು ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿಗೆ ಬಂದರೆ, ಸರಕು ಇಳಿಸುವ ಮುಂಚೆ ಅದರ ಹೊಟ್ಟೆಗೆ ಏಣಿಯಲ್ಲಿ ಇಳಿದು, ಸ್ಯಾಂಪಲ್ ತೆಗೆದು, ಹುಳ ಇದೆಯೇ ಎಂದು ನೋಡಬೇಕು. ಹುಳ ಕಂಡರೆ ಹಡಗು ನಿಲ್ಲುತ್ತದೆ. ನನ್ನ ಒಂದು ಮಾತಿಗೆ ಅಷ್ಟು ದೊಡ್ಡ ಹಡಗು ನಿಂತದ್ದನ್ನು ಕಂಡ ನನಗೆ ಕುರ್ಚಿ ಹೇಗೆ ರುಚಿಸಬೇಕು? ವೈಟ್ಟಿಲ ಜಂಕ್ಷನ್ನಿನಲ್ಲಿ ಟ್ಯಾಂಕರ್ ನನ್ನ ಸ್ಕೂಟರಿಗೆ ಗುದ್ದಿದಾಗ ಹೋದದ್ದು ಬಲಗಾಲು, ಅದೂ ಮೊಣಕಾಲಿನ ಕೆಳಗೆ ಮಾತ್ರ. ಕೈ ಇವೆ, ಕಣ್ಣಿವೆ, ತಲೆ ಇದೆ. ಉಳಿದದ್ದಕ್ಕೆ ಅದು ಇದೆ, ಆ ಪ್ಲಾಸ್ಟಿಕ್ಕಿನದು.

ಹಿರಿಯ ಇನ್‌ಸ್ಪೆಕ್ಟರ್ ಓಂಕಾರಪ್ಪನವರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ರಾಣೆಬೆನ್ನೂರಿನವರು, ನಾನು ಬಂದ ದಿನದಿಂದ ನನ್ನನ್ನು ತಂಗಿ ಅಂತಲೇ ಕರೆಯುವುದು. ಚಹದ ಹೊತ್ತಿಗೆ ಹತ್ತಿರ ಬಂದು, “ಆರಾಮ ಕುಂದ್ರು ತಂಗಿ. ಪಗಾರ ಅಂತೂ ಬರ್ತೈತಿ” ಅಂದರು.

“ನಾ ಪಗಾರ ಸಲುವಾಗಿ ಹಡಗಿಗೆ ಹೊಕ್ಕಿದ್ನೇನ್ರಿ ಅಣ್ಣಾರ?” ಅಂದೆ.

ನಾನು ಮತ್ತೆ ಹಡಗಿಗೆ ಹೋಗುತ್ತೇನೆ. ಎಲ್ಲರಂತೆ ಹೋಗುತ್ತೇನೆ.

ಜೂನ್ 12, ಗುರುವಾರ. ತಿರುವನಂತಪುರಂ

ಬೆಳಗಿನ ರೈಲಿಗೆ ಬಂದು ಪಟ್ಟಂನ ಪ್ರಧಾನ ಕಚೇರಿಗೆ ಹೋದೆ. ನಿರ್ದೇಶಕ ರತ್ನಾಕರ ಸರ್ ಕಾಸರಗೋಡಿನ ಕಡೆಯವರು, ನನ್ನನ್ನು ಕಂಡರೆ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಇಳಿಯುತ್ತಾರೆ. “ನಮ್ಮ ಊರಿನ ಹುಡುಗಿ ನೀನು. ಎಂತ ರಿಯಾಯಿತಿ ಬೇಕು ಹೇಳು, ನಾನು ಮಾಡಿಕೊಡ್ತೇನೆ” ಅಂದರು. ಧಾರವಾಡಕ್ಕೂ ಕಾಸರಗೋಡಿಗೂ ಎಷ್ಟು ದೂರ ಅಂತ ಅವರಿಗೆ ಗೊತ್ತಿಲ್ಲವೆಂದಲ್ಲ. ಕೇರಳದಲ್ಲಿ ಕನ್ನಡ ಮಾತಾಡುವವರೆಲ್ಲ ಒಂದೇ ಊರಿನವರು.

“ರಿಯಾಯಿತಿ ಬ್ಯಾಡ್ರಿ ಸರ್. ಹೊಸಬರಿಗೆ ಕೊಡೋ ಏಣಿ ಪರೀಕ್ಷೆನ ನನಗೂ ಕೊಡ್ರಿ. ಏನೂ ಬದಲ್ ಮಾಡಬ್ಯಾಡ್ರಿ” ಅಂದೆ.

ಅವರ ಮುಖ ಅರಳಿತು. ಏಣಿ ಪರೀಕ್ಷೆಯೆಂದರೆ ನಮ್ಮ ಕೊಚ್ಚಿ ಕಚೇರಿಯ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಏಣಿ. ಸೊಂಟಕ್ಕೆ ಬೆಲ್ಟ್ ಕಟ್ಟುವಂತಿಲ್ಲ, ಒಂದು ಕಾಲಾದ ಮೇಲೆ ಇನ್ನೊಂದು ಕಾಲು ಮುಂದೆ ಬರಬೇಕು, ನಡುವೆ ಎಲ್ಲೂ ನಿಲ್ಲಬಾರದು. ಹತ್ತಿ ಇಳಿದರೆ ಪಾಸು. ಮುಂದಿನ ತಿಂಗಳು ಅಂತ ಬರೆದುಕೊಂಡರು.

ಹೊರಗೆ ಬರುವಾಗ ಟಪಾಲು ವಿಭಾಗದಲ್ಲಿ ಒಬ್ಬ ಹೆಂಗಸು ಕವರುಗಳನ್ನು ಮೂಗಿಗೆ ಹತ್ತಿಸಿಕೊಂಡು ವಿಳಾಸ ಓದುತ್ತಿದ್ದಳು. ಮಂಗಳೂರಿನವಳಂತೆ, ಜಾಯ್ಸ್ ಅಂತ ಹೆಸರು. ನನ್ನ ಕನ್ನಡ ಕೇಳಿ, “ಊಟ ಆಯ್ತಾ? ಬಲಗಾಲಾ ನಿಮ್ಮದು? ಹೆಜ್ಜೆ ಶಬ್ದದಲ್ಲಿ ಗೊತ್ತಾಗ್ತದೆ” ಅಂದಳು. ಮೈ ಉರಿಯಿತು. ಪ್ಯಾಂಟಿನ ಕೆಳಗೆ ಅದು ಯಾರಿಗೂ ಗೊತ್ತಾಗದ ಹಾಗೆ ನಡೆಯಲು ಎಷ್ಟು ಕಷ್ಟಪಟ್ಟು ಕಲಿತಿದ್ದೇನೆ. ಆಕೆ ಲ್ಯಾಬಿನ ಕೆಲಸಕ್ಕೆಂದೇ ಓದಿದವಳು, ಕಣ್ಣು ಮಂಜಾದದ್ದಕ್ಕೆ ಟಪಾಲಿಗೆ ಹಾಕಿದ್ದಾರೆ ಅಂತ ಜವಾನ ಹೇಳಿದ. ಪಾಪ ಅನ್ನಿಸಿತು. ಆದರೆ ನಾನು ಆ ಸಾಲಿನವಳಲ್ಲ. ಕನಿಕರದ ಕೆಲಸ ನನಗೆ ಬೇಡ.

ಜೂನ್ 21, ಶನಿವಾರ. ಕೊಚ್ಚಿ

ದಿನಾ ಸಂಜೆ ಅಂಗಳದ ಏಣಿ. ಓಂಕಾರಪ್ಪನವರು ಕೆಳಗೆ ನಿಂತು ನೋಡುತ್ತಾರೆ. ಪ್ಲಾಸ್ಟಿಕ್ ಪಾದಕ್ಕೆ ಏಣಿಯ ಮೆಟ್ಟಿಲು ಸಿಕ್ಕಿತೋ ಇಲ್ಲವೋ ಅಂತ ನನಗೆ ತಿಳಿಯುವುದಿಲ್ಲ, ಪ್ರತಿ ಸಲ ಕಣ್ಣಲ್ಲಿ ನೋಡಬೇಕು. ಎಡಗಾಲನ್ನೇ ಪ್ರತಿ ಸಲ ಮುಂದಿಟ್ಟು ಹತ್ತಿದರೆ ಸಲೀಸು. ಹಾಗೆ ಹತ್ತುವಂತಿಲ್ಲ.

“ಕೊಕ್ಕಿ ಇರೋ ಬೆಲ್ಟ್ ಒಂದ್ ಹಾಕ್ಕೊಂಡ್ರ ಏನಾತು? ಜಾರಿದ್ರ ಹಿಡೀತೈತಿ. ಕೇಳಿ ನೋಡು” ಅಂದರು.

“ಬೆಲ್ಟ್ ಕೇಳಿದ್ರ ಕುಂಟಿ ಅಂತ ನಾನ ಒಪ್ಪಿಕೊಂಡಂಗ.”

“ಒಪ್ಪಿಕೊಂಡ್ರ ಕಾಲು ಹೆಚ್ಚಾಗಂಗಿಲ್ಲ, ಕಮ್ಮೀನೂ ಆಗಂಗಿಲ್ಲ.”

ಈ ರಾಣೆಬೆನ್ನೂರಿನವರಿಗೆ ಎಲ್ಲದಕ್ಕೂ ಒಂದು ಉತ್ತರ ಇರುತ್ತದೆ.

ಜೂನ್ 29, ಭಾನುವಾರ

ಮೋಟಿನ ತುದಿ ಸುಲಿದು ರಕ್ತ ಬಂದಿದೆ. ಎರಡು ಕಾಲುಚೀಲ ಹಾಕಿಕೊಂಡೆ. ಅವ್ವ ಫೋನು ಮಾಡಿದಾಗ ಎಲ್ಲ ಆರಾಮ ಅಂದೆ.

ಜುಲೈ 4, ಶುಕ್ರವಾರ

ಪಾಸಾದೆ.

ಎಲ್ಲೂ ನಿಲ್ಲಲಿಲ್ಲ, ಬೆಲ್ಟ್ ಇಲ್ಲ, ಒಂದಾದ ಮೇಲೊಂದು ಕಾಲು. ಮೇಲೆ ಮುಟ್ಟಿದಾಗ ನೋವಿಗೆ ಕಣ್ಣು ಕತ್ತಲಿಟ್ಟಿತು, ಆದರೂ ಹಲ್ಲು ಕಚ್ಚಿಕೊಂಡು ಫೋಟೊಗೆ ನಕ್ಕೆ. ಪಟ್ಟಂನಿಂದ ಬಂದಿದ್ದ ರತ್ನಾಕರ ಸರ್ ತಾವೇ ಫೋಟೊ ತೆಗೆದರು. “ಇದು ನೋಡಿ ಮನಸ್ಸು ಅಂದ್ರೆ” ಅಂತ ಎಲ್ಲರಿಗೂ ಹೇಳಿದರು. ಹೌದು, ನೋಡಲಿ. ಕುರ್ಚಿ ಕೊಟ್ಟವರೆಲ್ಲ ಬಂದು ನೋಡಲಿ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಖುಷಿಗೆ ಅಂತ ಬರೆದಿಡುತ್ತೇನೆ.

ಜುಲೈ 16, ಬುಧವಾರ

ಇವತ್ತು ಹಡಗು. ಆಫ್ರಿಕಾದ ಕಡೆಯಿಂದ ಬಂದ ಗೋಡಂಬಿ ಬೀಜ. ಮುಚ್ಚಳ ತೆಗೆದ ಕೂಡಲೇ ಕೆಳಗಿನಿಂದ ಆ ವಾಸನೆ ಬಂತು, ಗೋಣಿಚೀಲ, ಎಣ್ಣೆ, ಬೂದಿ ಎಲ್ಲ ಸೇರಿದಂಥದ್ದು. ಯಾರಿಗಾದರೂ ಹೇಳಿದರೆ ನಗುತ್ತಾರೆ, ನನಗೆ ತವರಿಗೆ ಬಂದ ಹಾಗಾಯಿತು. ಇಷ್ಟು ದಿನ ಕಿಟಕಿಯಿಂದ ಕ್ರೇನುಗಳನ್ನು ನೋಡುತ್ತ ನಾನು ಕಳೆದುಕೊಂಡದ್ದು ಕಾಲಲ್ಲ, ಇದನ್ನು.

ಇಳಿದೆ. ಚೀಲಗಳಿಗೆ ಮೊಳೆಯಂಥ ಸ್ಯಾಂಪಲ್ ಕೊಳವೆ ಚುಚ್ಚಿ ಬೀಜ ತೆಗೆದೆ. ಜರಡಿ ಹಿಡಿದು ನೋಡಿದೆ. ಹುಳ ಇರಲಿಲ್ಲ, ಹಡಗಿನವರು ನಿಟ್ಟುಸಿರು ಬಿಟ್ಟರು. ಫಿಲಿಪೀನ್ಸಿನ ಒಬ್ಬ ನಾವಿಕ ನನಗೆ ಕಾಫಿ ತಂದುಕೊಟ್ಟ, ನನ್ನ ಕಾಲಿನ ಬಗ್ಗೆ ಏನೂ ಕೇಳಲಿಲ್ಲ. ದೋಣಿಯಲ್ಲಿ ಮರಳುವಾಗ ಸುಮ್ಮನೆ ಹಾಡಿಕೊಂಡೆ. ಪಕ್ಕದಲ್ಲಿ ಕೂತಿದ್ದ ಮಲಯಾಳಿ ಹೆಂಗಸು ನನ್ನ ಕಡೆ ಒಂದು ಸಲ ನೋಡಿ ಮುಖ ತಿರುಗಿಸಿದಳು.

ಆಗಸ್ಟ್ 6, ಬುಧವಾರ. ತಿರುವನಂತಪುರಂ

ಪ್ರಧಾನ ಕಚೇರಿಯ ಬಾಗಿಲಲ್ಲೇ ನಾನಿದ್ದೇನೆ, ಆಳೆತ್ತರದ ಫೋಟೊ, ಏಣಿಯ ಮೇಲೆ ನಗುತ್ತ. ಕೆಳಗೆ ಮನಸ್ಸಿದ್ದರೆ ಮಾರ್ಗ ಎಂಬರ್ಥದ ಮಾತು, ಇಂಗ್ಲಿಷಿನಲ್ಲೂ ಮಲಯಾಳದಲ್ಲೂ. ಸಭೆಯಲ್ಲಿ ನನ್ನಿಂದ ಭಾಷಣ ಮಾಡಿಸಿದರು. ನಾನು ಯಾವ ರಿಯಾಯಿತಿಯನ್ನೂ ಕೇಳಲಿಲ್ಲ, ನಿಯಮ ಎಲ್ಲರಿಗೂ ಒಂದೇ ಇರಬೇಕು ಅಂದೆ. ಚಪ್ಪಾಳೆಯೋ ಚಪ್ಪಾಳೆ.

ಊಟದ ಹೊತ್ತಿಗೆ ಟಪಾಲಿನ ಜಾಯ್ಸ್ ನನ್ನ ಮೇಜಿಗೆ ಬಂದರು. “ಭಾಷಣ ಒಳ್ಳೆದಿತ್ತು. ನನ್ನ ಅರ್ಜಿಯನ್ನು ಅದೇ ಮಾತಿನಲ್ಲಿ ಸುತ್ತಿ ವಾಪಸ್ ಕೊಟ್ಟಿದ್ದಾರೆ” ಅಂದರು. ನನಗೆ ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಲ್ಯಾಬಿನ ಸೂಕ್ಷ್ಮದರ್ಶಕಕ್ಕೆ ಸ್ಕ್ರೀನ್ ಜೋಡಿಸಿದರೆ ಅವರಿಗೆ ಹುಳ ಸ್ಪಷ್ಟ ಕಾಣುತ್ತದೆ. ಲ್ಯಾಬಿನ ಪರೀಕ್ಷೆಯನ್ನು ಆ ಸ್ಕ್ರೀನ್ ನೋಡಿಯೇ ಬರೆಯುತ್ತೇನೆ ಅಂತ ಕೇಳಿದ್ದರು. ಮೇ ತಿಂಗಳಲ್ಲಿ ಸಮಿತಿ ಹೆಚ್ಚುಕಮ್ಮಿ ಒಪ್ಪಿತ್ತು. ಜುಲೈನಲ್ಲಿ ನಾನು ಏಣಿ ಹತ್ತಿದೆ. ಒಂಟಿಕಾಲಿನ ಹುಡುಗಿಗೆ ಬೇಡವಾದ ರಿಯಾಯಿತಿ ನಿಮಗೇಕೆ, ಎಲ್ಲರಂತೆ ಸೂಕ್ಷ್ಮದರ್ಶಕದ ಕೊಳವೆಗೆ ಕಣ್ಣಿಟ್ಟು ನೋಡಿ ಪಾಸಾಗಿ ಅಂತ ಈಗ ಸುತ್ತೋಲೆ ಬಂದಿದೆ. ಇನ್ನೂ ನಾಲ್ಕು ಜನರಿಗೆ ಅದೇ ಉತ್ತರ ಹೋಗಿದೆಯಂತೆ.

“ನೀವೂ ಒಂದ್ಸಲ ಪ್ರಯತ್ನ ಮಾಡಿ ನೋಡಬಹುದಿತ್ತಲ್ರಿ” ಅಂದೆ. ಅಷ್ಟಕ್ಕೇ ಬಿಡಬೇಕಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆಯೂ ಬಾಯಿಂದ ಬಿತ್ತು.

ಜಾಯ್ಸ್ ಸಿಟ್ಟಾಗಲಿಲ್ಲ. “ಹೌದು ಮಾರಾಯ್ತಿ. ಆದ್ರೆ ನೆಲ ನಿಜವಾಗಿ ಡೊಂಕು ಉಂಟಾ ಅಂತ ಯಾರಾದ್ರೂ ಒಮ್ಮೆ ಬಗ್ಗಿ ನೋಡ್ಬೇಕಲ್ವಾ? ನೋಡಿದವರೇ ಇಲ್ಲ” ಅಂದು, ತಟ್ಟೆ ತೊಳೆಯಲು ಎದ್ದು ಹೋದರು.

ಆಗಸ್ಟ್ 7, ಗುರುವಾರ. ಕೊಚ್ಚಿ

ಆಕೆಯ ಮಾತಿನ ಬಗ್ಗೆ ಯೋಚಿಸಲು ನನಗೆ ಪುರುಸೊತ್ತಿಲ್ಲ. ನಾನು ಪಾಸಾದದ್ದು ನನ್ನ ರಕ್ತ ಸುರಿಸಿ, ಯಾರ ಅನ್ನ ಕಸಿದೂ ಅಲ್ಲ. ಒಬ್ಬಳು ಗೆದ್ದರೆ ಇನ್ನೊಬ್ಬರಿಗೆ ಉರಿ, ಎಲ್ಲ ಕಚೇರಿಯಲ್ಲೂ ಇದ್ದದ್ದೇ. ಸುತ್ತೋಲೆ ಬರೆದವಳು ನಾನೇನು? ನಾನು ಏಣಿ ಹತ್ತಿದ್ದು ತಪ್ಪಾದರೆ ಕುರ್ಚಿಯಲ್ಲೇ ಕೂರಬೇಕಿತ್ತೇ? ಪುರುಸೊತ್ತಿಲ್ಲ ಅಂದವಳು ಒಂದು ಪುಟ ತುಂಬಿಸಿದೆ. ಸಾಕು.

ಆಗಸ್ಟ್ 19, ಮಂಗಳವಾರ

ಗಾಯ ಕೀವಾಗಿದೆ. ಡಾಕ್ಟರು ಒಂದು ವಾರ ಕಾಲು ಹಾಕಲೇಬಾರದು ಅಂದಿದ್ದಾರೆ. ಕಚೇರಿಗೆ ಜ್ವರ ಅಂತ ಹೇಳಿದೆ. ಬಾಗಿಲ ಫೋಟೊದವಳಿಗೆ ಕಾಲಿನ ಗಾಯ ಆಗುವಂತಿಲ್ಲವಲ್ಲ.

ಓಂಕಾರಪ್ಪನವರು ಹೆಂಡತಿ ಮಾಡಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಂದರು. ಹಾಸಿಗೆಯ ಪಕ್ಕ ಬಿಚ್ಚಿಟ್ಟಿದ್ದ ಕಾಲನ್ನು ನೋಡಿದರು, ಬ್ಯಾಂಡೇಜ್ ನೋಡಿದರು.

“ಏಣಿ ಮ್ಯಾಲೆ ಒಂಚೂರರ ನಿಂದರ್ತೀಯೇನು?”

“ಇಲ್ರಿ. ನಿಲ್ಲಬಾರದಲ್ಲ.”

“ಯಾರಂದ್ರು? ಈ ಹೊಟ್ಟಿ ಹೊತ್ಕೊಂಡು ನಾ ಎಷ್ಟ್ ಸಲ ನಿಂದರ್ತೀನಿ ಅಂತಿ. ಅರ್ಧಕ್ಕ ನಿಂತು ಮಗಳಿಗೆ ಫೋನೂ ಮಾಡೀನಿ. ಆ ಪರೀಕ್ಷಿ ಇರೋದು ಅಂಗಳದಾಗ. ಹಡಗಿನಾಗ ಎಲ್ಲಾರೂ ನಿಂತ ನಿಂತ ಇಳಿಯೋದು. ತಳ ಮುಟ್ಟಿದ್ರ ಸಾಕು.”

ಯೋಚಿಸಿದರೆ ನಿಜ. ಹಡಗಿನ ಏಣಿಗೆ ನಿಯಮವಿಲ್ಲ, ನಿಯಮದ ಏಣಿಗೆ ಹಡಗಿಲ್ಲ. ಆ ಏಣಿ ಹತ್ತಿಸಿ ಅವರು ನೋಡುವುದು ಕೆಲಸ ಬರುತ್ತದೆಯೇ ಅಂತಲ್ಲ, ನೀನು ನಮ್ಮ ಹಾಗೆ ಕಾಣುತ್ತೀಯೋ ಅಂತ. ನನಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದೆ ರೊಟ್ಟಿಯ ಮೇಲೆ ತೀರಿಸಿಕೊಂಡೆ.

ಆಗಸ್ಟ್ 28, ಗುರುವಾರ. ತಿರುವನಂತಪುರಂ

ಸ್ಯಾಂಪಲ್ ಕೊಡುವ ನೆಪ ಮಾಡಿಕೊಂಡು ಪಟ್ಟಂಗೆ ಬಂದೆ. ಓಣಂ ಹತ್ತಿರ ಬಂದದ್ದಕ್ಕೆ ಕಚೇರಿಯ ನೆಲದ ತುಂಬ ಹೂವಿನ ರಂಗೋಲಿ. ಊಟದ ಬಿಡುವಿನಲ್ಲಿ ಜಾಯ್ಸ್ ಮೇಡಂ ಲ್ಯಾಬಿಗೆ ಕರೆದುಕೊಂಡು ಹೋದರು. ಆ ಸ್ಕ್ರೀನ್ ಅಲ್ಲೇ ಇದೆ. ಎಂದೋ ಕೊಂಡದ್ದು, ಉದ್ಘಾಟನೆಯ ರಿಬ್ಬನ್ನಿನ ತುಂಡು ಇನ್ನೂ ಅದಕ್ಕೆ ಅಂಟಿದೆ. ಎಲ್ಲರೂ ಊಟಕ್ಕೆ ಹೋದಾಗ ಮಾತ್ರ ಅವರು ಅದನ್ನು ಹಾಕಿ ನೋಡುತ್ತಾರೆ.

ನಾನು ತಂದ ಸ್ಯಾಂಪಲ್ಲಿನ ದುಂಬಿಯನ್ನು ಗಾಜಿನ ಮೇಲೆ ಇಟ್ಟರು. ನಾನು ಕೊಳವೆಗೆ ಕಣ್ಣಿಟ್ಟೆ, ಅವರು ಸ್ಕ್ರೀನಿಗೆ ಮುಖ ಒಡ್ಡಿದರು. ಇಬ್ಬರೂ ಹೇಳಿದ್ದು ಒಂದೇ ಹೆಸರು. ಹುಳ ಅದೇ. ನೋಡುವ ದಾರಿ ಎರಡಾದರೆ ನಿಗಮದ ಗಂಟೇನು ಹೋಗುತ್ತದೆ?

ಆಮೇಲೆ ಅವರು, “ನಿನ್ನ ಕಾಲು ತೋರಿಸ್ತೀಯಾ? ಸರಿಯಾಗಿ ಕೂತಿಲ್ಲ ಅದು, ಶಬ್ದ ಬದಲಾಗಿದೆ” ಅಂದರು. ಕುರ್ಚಿಯ ಮೇಲೆ ಕೂತು ಬಿಚ್ಚಿ ತೋರಿಸಿದೆ. ಬೆರಳಿಂದ ಅಂಚು ಸವರಿ ನೋಡಿ, ಮೋಟು ಕೂರುವ ಸಾಕೆಟ್ ಹೊಸದು ಮಾಡಿಸಿಕೊ, ಇದು ನಿನ್ನನ್ನು ತಿಂತಾ ಉಂಟು ಅಂದರು. ಗಾದೆಯ ಮಾತಿಗೆ ಕ್ಷಮೆ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ತಮ್ಮ ಡಬ್ಬಿಯ ಮೀನು ಸಾರಿಗೆ ನಾನು ಮುಖ ಸಿಂಡರಿಸಿ ಇಶ್ಶಿ ಅಂದದ್ದನ್ನು ಕೇಳಿ ನಗಲು ಶುರುಮಾಡಿದರು, ಕೇಳುವುದು ಹಾಗೇ ಉಳಿಯಿತು.

ಸೆಪ್ಟೆಂಬರ್ 11, ಗುರುವಾರ. ತಿರುವನಂತಪುರಂ

ರತ್ನಾಕರ ಸರ್ ಕೊಠಡಿಗೆ ಹೋಗಿ ನೇರವಾಗಿ ಹೇಳಿದೆ, ಏಣಿ ಪರೀಕ್ಷೆ ತಪ್ಪು, ಬೆಲ್ಟ್ ಬೇಕು, ನಿಲ್ಲಲು ಬಿಡಬೇಕು, ಜಾಯ್ಸ್ ಅಕ್ಕನಿಗೆ ಸ್ಕ್ರೀನ್ ಬಿಡಬೇಕು.

ಅವರು ಬಾಗಿಲು ಹಾಕಿ ಬಂದು ಎದುರು ಕೂತರು. “ನೋಡು, ನೀನು ನಮ್ಮವಳು. ಬೆಲ್ಟ್ ಬೇಕಾ? ನಾಳೆಯಿಂದ ಹಾಕಿಕೋ. ನಿಲ್ಬೇಕಾ? ನಿಲ್ಲು. ಯಾರು ಕೇಳ್ತಾರೆ? ಬರಹದಲ್ಲಿ ಬೇಡ, ನಾವು ನಾವು ಸರಿ ಮಾಡಿಕೊಳ್ಳುವ.”

“ಜಾಯ್ಸ್ ಅಕ್ಕಗ?”

“ಅದು ನಿಯಮ. ಒಬ್ಬೊಬ್ಬರಿಗೆ ಒಂದೊಂದು ಮಾಡಿದ್ರೆ ನ್ಯಾಯ ಅಂತ ಎಂತ ಉಳೀತದೆ?”

“ನನಗೊಂದು ಅಂತ ಈಗ ಹೇಳಿದ್ರಲ್ರಿ ಸರ್.”

“ನೀನು ವಿಶೇಷ” ಅಂದು ನಕ್ಕರು. ನಿಜವಾಗಿಯೂ ಪ್ರೀತಿಯಿಂದಲೇ ನಕ್ಕರು. ಆಮೇಲೆ ನಗು ನಿಲ್ಲಿಸಿ, “ಪರೀಕ್ಷೆ ತಪ್ಪು ಅಂತಾದ್ರೆ ನಿನ್ನ ಪಾಸೂ ತಪ್ಪೇ ಆಗ್ತದೆ. ಮತ್ತೆ ಕುರ್ಚಿ. ಯೋಚನೆ ಮಾಡು” ಅಂದರು. ಇಪ್ಪತ್ತನಾಲ್ಕಕ್ಕೆ ದೆಹಲಿಯಿಂದ ಮೇಲಧಿಕಾರಿಗಳ ತಂಡ ಬರುತ್ತದಂತೆ. ಅವರೆದುರು ನಾನು ಹಡಗಿನಲ್ಲಿ ಏಣಿ ಇಳಿದು ಹತ್ತಿ ತೋರಿಸಬೇಕಂತೆ, ಅಂಗಳದ ಪರೀಕ್ಷೆಯ ನಿಯಮದಲ್ಲೇ. ಆಗಲಿ ಸರ್ ಅಂದೆ.

ಸೆಪ್ಟೆಂಬರ್ 23, ಮಂಗಳವಾರ. ಕೊಚ್ಚಿ

ಹೆದರಿಕೆಯಾಗುತ್ತಿದೆ. ಹಡಗು ಕಳೆದುಕೊಂಡರೆ ನನಗೆ ಏನು ಉಳಿಯುತ್ತದೆ ಅಂತ ಗೊತ್ತಿಲ್ಲ. ನಾಳೆ ಸುಮ್ಮನೆ ಅವರು ಹೇಳಿದ ಹಾಗೆ ಇಳಿದು ಹತ್ತಿ ಬಂದರೆ ಸಾಯುವವರೆಗೂ ಹಡಗು ನನ್ನದು. ಜಾಯ್ಸ್ ಅಕ್ಕನಿಗೆ ಫೋನು ಮಾಡಿ ನನ್ನ ಯೋಚನೆ ಹೇಳಿದೆ. “ನನಗಾಗಿ ಎಂತದೂ ಮಾಡ್ಬೇಡ ಮಾರಾಯ್ತಿ, ಆಮೇಲೆ ನಿನ್ನ ಋಣದಲ್ಲಿ ಯಾರು ಬದುಕೋದು?” ಅಂದಳು. ನಿಮಗಾಗಿ ಅಲ್ಲ, ನನಗ ಸುಳ್ಳು ಏಣಿ ಹತ್ತೋದು ಸಾಕಾಗೈತಿ ಅಂದೆ.

ಸೆಪ್ಟೆಂಬರ್ 24, ಬುಧವಾರ

ಎಲ್ಲ ಬರೆದಿಡುತ್ತೇನೆ.

ತೊಗರಿ ಹೊತ್ತ ಹಡಗು. ದೆಹಲಿಯವರು, ಸಮಿತಿಯವರು, ಹಡಗಿನ ಏಜೆಂಟ್, ಎಲ್ಲ ಡೆಕ್ಕಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದರು. ಸೆಖೆಗೆ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದೆ. ಓಂಕಾರಪ್ಪನವರು ತಮ್ಮ ಬೆಲ್ಟ್ ನನ್ನ ಸೊಂಟಕ್ಕೆ ಕಟ್ಟಿದರು. ಬಿಗಿ ನೋಡುವ ನೆಪದಲ್ಲಿ ಒಂದು ಸಲ ಬೆನ್ನು ತಟ್ಟಿದರು. ರತ್ನಾಕರ ಸರ್ ಬೆಲ್ಟ್ ನೋಡಿದರೂ ಅತಿಥಿಗಳ ಮುಂದೆ ಏನೂ ಅನ್ನಲಾಗಲಿಲ್ಲ.

ಎಡಗಾಲನ್ನೇ ಮುಂದಿಟ್ಟು, ಅದರ ಪಕ್ಕಕ್ಕೆ ಬಲಗಾಲು ತಂದು, ಹಾಗೆ ಇಳಿದೆ. ಏಣಿಯ ನಡುವೆ ಬಂದಾಗ ಕೊಕ್ಕೆ ಸಿಕ್ಕಿಸಿ, ಬೆಲ್ಟಿಗೆ ಭಾರ ಬಿಟ್ಟು ನಿಂತುಬಿಟ್ಟೆ. ಕೈ ಕೊಡವಿದೆ. ಜೇಬಿನಿಂದ ಬಾಟಲಿ ತೆಗೆದು ನೀರು ಕುಡಿದೆ. ಮೇಲೆ ಮುಖಗಳೆಲ್ಲ ಬಗ್ಗಿದವು.

“ತೊಂದರೆ ಆಯ್ತಾ?” ರತ್ನಾಕರ ಸರ್ ದನಿ.

“ಇಲ್ರಿ ಸರ್. ದಣಿವು ಆರಿಸಿಕೊಳ್ಳಾಕತ್ತೀನಿ.”

“ನಡುವೆ ನಿಲ್ಲುವ ಹಾಗಿಲ್ಲ, ಗೊತ್ತುಂಟಲ್ಲ?” ಆಮೇಲೆ ದೆಹಲಿಯವರಿಗೆ ಇಂಗ್ಲಿಷಿನಲ್ಲಿ ಏನೋ ಸಮಜಾಯಿಷಿ ಹೇಳುವುದು ಕೇಳಿಸಿತು. ನಾನೂ ಇಂಗ್ಲಿಷಿಗೆ ಬಂದೆ, ಎಲ್ಲರಿಗೂ ತಿಳಿಯಲಿ ಅಂತ. ಈ ನಿಯಮದ ಪ್ರಕಾರ ನಾನು ಈಗ ಫೇಲು, ದಯವಿಟ್ಟು ಬರೆದುಕೊಳ್ಳಿ ಅಂದೆ. ಜುಲೈನಲ್ಲಿ ನಿಲ್ಲದೆ ಹತ್ತಿ ಕಾಲು ಕೊಳೆಸಿಕೊಂಡೆ, ನಿಂತು ಇಳಿದರೆ ಕೆಲಸ ಚೆನ್ನಾಗಿ ಆಗುತ್ತದೆ, ನಿಮಗೆ ಬೇಕಾದದ್ದು ಯಾವುದು ನೋಡಿಕೊಳ್ಳಿ ಅಂದೆ. ನನ್ನ ಹೆಸರು ಹೇಳಿ ಐದು ಜನರನ್ನು ಹೊರಗಿಟ್ಟಿದ್ದೀರಿ, ಇನ್ನು ಮೇಲೆ ಆ ಹೆಸರು ಹಾಗೆ ಬಳಸುವಂತಿಲ್ಲ ಅಂತಲೂ ಅಂದೆ. ಸಮಿತಿಯವರೊಬ್ಬರು ನಿಜವಾಗಿಯೂ ಬರೆದುಕೊಂಡರು.

ಕೊಕ್ಕೆ ಬಿಚ್ಚಿ ಕೆಳಗಿಳಿದೆ. ಬಂದ ಕೆಲಸ ಮಾಡಬೇಕಲ್ಲ. ಹಿಂದಿನ ಗೋಡೆಯ ಮೂಲೆಯ ತನಕ ಹೋಗಿ, ಆತುರದವರು ಮುಟ್ಟದ ಕಡೆ ಸ್ಯಾಂಪಲ್ ತೆಗೆದು, ನಿಂತು ನಿಂತು ಮೇಲೆ ಹತ್ತಿ ಬಂದು ಎಲ್ಲರ ಮುಂದೆ ಜರಡಿ ಆಡಿಸಿದೆ. ಕೂದಲ ಮೈಯ ಮರಿಹುಳಗಳು ಬಿದ್ದವು, ಜೀವಂತ. ನಮ್ಮ ದೇಶಕ್ಕೆ ಕಾಲಿಡಬಾರದೆಂದು ನಾವು ಹೆದರುವ ದುಂಬಿಯ ಮರಿಗಳು. ಏಜೆಂಟನ ಮುಖ ಬಿಳುಚಿತು. ದೆಹಲಿಯವರು ತಟ್ಟೆಯ ಸುತ್ತ ಮುತ್ತಿಕೊಂಡರು. ಕಾಲಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಸೆಪ್ಟೆಂಬರ್ 25, ಗುರುವಾರ

ಒಂದೇ ದಿನಾಂಕದ, ಒಂದೇ ಕೈಯ ಸಹಿಯ ಎರಡು ಆದೇಶ ಬಂದಿವೆ. ಒಂದರಲ್ಲಿ, ಇನ್‌ಸ್ಪೆಕ್ಟರ್ ತನುಶ್ರೀ ಹಡಗು ತಪಾಸಣೆಗೆ ಅರ್ಹಳಲ್ಲ. ಇನ್ನೊಂದರಲ್ಲಿ, ಇನ್‌ಸ್ಪೆಕ್ಟರ್ ತನುಶ್ರೀ ನಡೆಸಿದ ತಪಾಸಣೆಯ ಆಧಾರದ ಮೇಲೆ ಹಡಗನ್ನು ತಡೆಹಿಡಿಯಲಾಗಿದೆ. ಓಂಕಾರಪ್ಪನವರು ಎರಡನ್ನೂ ಓದಿ, “ಇವ್ರ ತಲಿ ಎಲ್ಲಿ ಮೇಯಾಕ್ ಹೋಗೇತಿ?” ಅಂದರು. ಹಡಗಿನ ಹೊಟ್ಟೆಗೆ ನಿನ್ನೆ ಸಂಜೆಯೇ ವಿಷದ ಹೊಗೆ ಹಾಕಿ ಮುಚ್ಚಿದ್ದಾರೆ. ಹುಳ ಸತ್ತವು, ಅದೊಂದು ಸಮಾಧಾನ. ನಾನು ಮತ್ತೆ ಕುರ್ಚಿಗೆ ಬಂದೆ. ಕಿಟಕಿಯಲ್ಲಿ ಅದೇ ಹಡಗು ಕಾಣುತ್ತದೆ. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಸೆಪ್ಟೆಂಬರ್ 29, ಸೋಮವಾರ

ರತ್ನಾಕರ ಸರ್ ಫೋನು. ಏಜೆಂಟನ ವಕೀಲರು ಕೋರ್ಟಿಗೆ ಹೋಗುತ್ತಾರಂತೆ. ಆ ಕ್ಷಣಕ್ಕೆ ಅನರ್ಹಳೆಂದು ನೀವೇ ಬರೆದುಕೊಂಡವಳ ಸ್ಯಾಂಪಲ್ ನಂಬಿ ಹಡಗು ಹೇಗೆ ನಿಲ್ಲಿಸಿದಿರಿ ಅಂತ ಪ್ರಶ್ನೆ. ಹೊಗೆ ಹಾಕಿ ಹುಳ ಸತ್ತ ಮೇಲೆ ಮತ್ತೆ ಸ್ಯಾಂಪಲ್ ತೆಗೆದು ತೋರಿಸುವ ದಾರಿಯೂ ಇಲ್ಲ.

“ನಿನ್ನನ್ನು ಫೇಲ್ ಮಾಡಿದ್ದು ರದ್ದು ಮಾಡ್ತೇವೆ. ಬೆಲ್ಟ್ ಸಮೇತ ಬರಹದಲ್ಲೇ ಕೊಡ್ತೇನೆ. ನಾಳೆಯಿಂದ ಹಡಗಿಗೆ ಹೋಗು” ಅಂದರು.

ಬಾಯಲ್ಲಿ ನೀರು ಬಂತು ಅಂತ ಬರೆದರೆ ನಾಚಿಕೆಯೇನಿಲ್ಲ.

“ನನ್ನೊಬ್ಬಾಕಿದು ಅಲ್ರಿ ಸರ್. ನಾವು ಆರು ಮಂದಿ. ಕೆಲಸ ಬರ್ತದೋ ಇಲ್ಲೋ ನೋಡ್ರಿ, ಹೆಂಗ ಮಾಡ್ತೀವಿ ಅನ್ನೋದು ನಮಗ ಬಿಡ್ರಿ. ಅದನ್ನ ನಿಯಮ ಅಂತ ಬರೀರಿ.”

“ಇದು ಬೆದರಿಕೆಯಾ?”

“ಹಡಗು ನಿಂತದ್ದು ಸರಿ ಅನ್ನಬೇಕಾದ್ರ ನಾ ಇಳಿದ ರೀತಿನೂ ಸರಿ ಅನ್ನಬೇಕ್ರಿ. ನಾ ಇಳಿದ ರೀತಿ ಸರಿ ಅಂದ್ರ ಜಾಯ್ಸ್ ಅಕ್ಕ ನೋಡೋ ರೀತಿನೂ ಸರಿ. ನಾ ಏನ್ ಬೆದರಿಸಲಿ?”

ಫೋನು ಇಟ್ಟರು. ಅವ್ವನಿಗೆ ಫೋನು ಮಾಡಿ ಗಾಯದಿಂದ ಹಿಡಿದು ಎಲ್ಲ ಹೇಳಿದೆ. “ಹಟಾ ಹಿಡದ್ರ ನೀ ಸಣ್ಣಾಕಿ ಇದ್ದಾಗಿಂದ ಹಂಗ. ಉಂಡು ಹಟಾ ಮಾಡು, ಉಪವಾಸ ಮಾಡಬ್ಯಾಡ” ಅಂದಳು.

ಅಕ್ಟೋಬರ್ 3, ಶುಕ್ರವಾರ

ರತ್ನಾಕರ ಸರ್ ಬೆಳಿಗ್ಗೆಯೇ ಕಾರಿನಲ್ಲಿ ಐಲ್ಯಾಂಡಿಗೆ ಬಂದರು. ಮಧ್ಯಾಹ್ನ ಕೋರ್ಟಿನಲ್ಲಿ ಉತ್ತರ ಕೊಡಬೇಕು. ಟೈಪ್ ಮಾಡಿಸಿದ ಆದೇಶ ನನ್ನ ಮುಂದಿಟ್ಟು, ಎಲ್ಲರ ಹೆಸರೂ ಉಂಟು, ಕೋರ್ಟಿಗೆ ತೋರಿಸಲು ಒಪ್ಪಿಗೆ ಅಂತ ಸಹಿ ಹಾಕು ಅಂದರು. ನೋಡಿದರೆ ನಿಜವಾಗಿಯೂ ಆರು ಹೆಸರಿದ್ದವು. ನಾನು ಪೆನ್ನು ತೆಗೆದುಕೊಳ್ಳಲಿಲ್ಲ. ಜಾಯ್ಸ್ ಅಕ್ಕ ರೈಲಿನಲ್ಲಿ ಬರಾಕತ್ತಾಳ, ಆಕಿ ಓದಲಿ ಅಂದೆ. ಅದೇ ಊರಿನಿಂದ ಖಾಲಿ ಕಾರಿನಲ್ಲಿ ಬಂದವರು ಕಿಟಕಿಯ ಕಡೆ ನೋಡಿದರು. ಓಂಕಾರಪ್ಪನವರು ಅವರಿಗೆ ಚಹ ತರಿಸಿದರು, ಅದು ಆರಿತು, ಮತ್ತೊಂದು ತರಿಸಿದರು.

ಅಕ್ಕ ಬಂದಳು. ಕೈಕಾಲು ತೊಳೆದು ಬಂದು ಕೂತು, ಕಾಗದವನ್ನು ಮೂಗಿಗೆ ಹತ್ತಿಸಿಕೊಂಡು ಓದತೊಡಗಿದಳು. ಒಂದೊಂದೇ ಸಾಲು. ರತ್ನಾಕರ ಸರ್ ಗಡಿಯಾರ ನೋಡಿದರು. “ನಾನು ಓದಿ ಹೇಳ್ಲಾ?” ಅಂದರು. ಬೇಡ ಅಂತ ತಲೆಯಾಡಿಸಿದಳು. ಓದುತ್ತ ಒಂದು ಸಾಲಿಗೆ ಬಂದು ನಿಂತಳು.

“ಇಲ್ಲಿ ‘ಈ ಆರು ಜನರಿಗೆ ಮಾತ್ರ, ವಿಶೇಷ ಪ್ರಕರಣವಾಗಿ’ ಅಂತ ಉಂಟಲ್ವಾ? ಅದನ್ನು ಹೊಡೆದು ಹಾಕಿ ಸರ್. ನಮ್ಮ ನಂತರ ಬರುವವರು ಎಂತ ಮಾಡೋದು?”

ನಾನು ಅವಳ ಪಕ್ಕದಲ್ಲೇ ಇದ್ದೆ, ನನಗೆ ಆ ಸಾಲು ಕಂಡೇ ಇರಲಿಲ್ಲ. ರತ್ನಾಕರ ಸರ್ ಜೇಬಿನಿಂದ ಪೆನ್ನು ತೆಗೆದು ಕಾಗದಕ್ಕೆ ಕೈ ಚಾಚಿದರು.

“ಸ್ವಲ್ಪ ನಿಲ್ಲಿ ಸರ್” ಅಂದಳು ಅಕ್ಕ, ಕಾಗದ ಕೊಡದೆ. “ನಾನಿನ್ನೂ ಓದ್ತಾ ಇದ್ದೇನೆ.”